ಚಪ್ಪಾಳೆ ಮೇಸ್ತ್ರಿಯ ಪರವಾಗಿ ಒಂದು ನಿರ್ಣಯ

ಆಕಾಶವೇ ಕತ್ತು ಬಗ್ಗಿಸಿ ನೋಡುವಷ್ಟು ಎತ್ತರದ ಘನತೆಯುಳ್ಳವರೂ, ಈ ಸಭಾಂಗಣದಲ್ಲಿ ನಾವು ಕುಳಿತಿರುವ ಪ್ರತಿಯೊಂದು ಪ್ಲಾಸ್ಟಿಕ್ ಕುರ್ಚಿಯ ಏಕಮಾತ್ರ ಒಡೆಯರೂ ಆದ ಸಭಾಧ್ಯಕ್ಷರೇ. ಯಾರ ಕೃಪೆಯಿಲ್ಲದಿದ್ದರೆ ಈ ದೇಶದ ಒಂದೇ ಒಂದು ಸುಳ್ಳೂ ಹತ್ತನೇ ಸಾಲು ದಾಟಲಾರದೋ ಅಂಥ ಮುಖ್ಯ ಅತಿಥಿಗಳಾದ ಮೈಕ್ ಸೆಟ್ ಸಾಹುಕಾರರೇ. ಜಯಕಾರ ವಿಭಾಗದ ಹಿರಿಯರೇ, ಬಾವುಟ ವಿಭಾಗದ ಅಣ್ಣಂದಿರೇ, ವೇದಿಕೆಯ ಮೇಲೆ ಕರವಸ್ತ್ರ ಕಂಡ ಕ್ಷಣಕ್ಕೇ ಕಣ್ಣು ತುಂಬಿಕೊಳ್ಳಬಲ್ಲ ಕಣ್ಣೀರು ವಿಭಾಗದ ಅಕ್ಕಂದಿರೇ. ಮೊದಲ ಸಾಲಿನಲ್ಲಿ ಮುದುಡಿಕೊಂಡು ಕುಳಿತಿರುವ ನನ್ನ ಸೋದರಮಾವ, ನಮ್ಮೆಲ್ಲರ ಚಪ್ಪಾಳೆ ಮೇಸ್ತ್ರಿಯವರೇ. ಮತ್ತು ನನ್ನ ಪ್ರಾಣಕ್ಕಿಂತ ಪ್ರಿಯರಾದ ಸಭಿಕರೇ.

ಬೇರೆ ಸಭೆಗಳಲ್ಲಿ ‘ಸಭಿಕರೇ’ ಎನ್ನುವುದು ಉಪಚಾರದ ಮಾತು. ಇಲ್ಲಿ ಅದು ನಿಮ್ಮ ಉದ್ಯೋಗ. ಮಹಾನಾಯಕರ ಸಭೆ ಎಲ್ಲಿ ನಡೆದರೂ ಬಸ್ಸಿನಲ್ಲಿ ಹೋಗಿ, ಕುರ್ಚಿ ತುಂಬಿಸಿ, ಅವರು ಹೇಳಿದ್ದಕ್ಕೆಲ್ಲ ಸಂತೋಷಪಟ್ಟು, ಸಂಜೆ ಕೂಲಿ ಪಡೆದು ಮನೆಗೆ ಬರುವ ಜನ ನಾವು. ನಮ್ಮನ್ನು ನೋಡಿ ನಗುವವರಿದ್ದಾರೆ. ನಗಲಿ. ಮಂತ್ರಿಗಳೂ ಇದನ್ನೇ ಮಾಡುತ್ತಾರೆ, ಆದರೆ ಅವರು ಸಂಜೆ ಮನೆಗೆ ಹೋಗುವುದಿಲ್ಲ ಅಷ್ಟೇ, ಇನ್ನೂ ಏನಾದರೂ ಸಿಗಬಹುದೆಂದು ಅಲ್ಲೇ ಇರುತ್ತಾರೆ.

ಇಂದು ನಮ್ಮ ಸಂಘ ಸೇರಿರುವುದು ಮಾವನ ಬೀಳ್ಕೊಡುಗೆಗೆ ಎಂದು ಆಹ್ವಾನದಲ್ಲಿ ಅಚ್ಚಾಗಿದೆ. ಅದು ತಪ್ಪು. ಬೀಳ್ಕೊಡುಗೆ ಎನ್ನುವುದು ತಾನಾಗಿ ಹೋಗುವವರಿಗೆ. ಮಾವನನ್ನು, ನಮಗೆಲ್ಲ ಬಸ್ಸು ಹತ್ತಿಸಿ ಕೂಲಿ ಕೊಡುವ ಸಭೆ ಕಾಂಟ್ರಾಕ್ಟರು ಕೆಲಸದಿಂದ ತೆಗೆದುಹಾಕಿದ್ದಾರೆ. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ತನಕ ಆ ಜಾಗದಲ್ಲಿ ನಮ್ಮಲ್ಲಿ ಒಬ್ಬರೂ ಕೂರಬಾರದು ಎಂಬ ನಿರ್ಣಯವನ್ನು ಮಂಡಿಸಲು ನಾನು ನಿಂತಿದ್ದೇನೆ. ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವನಾದ, ಎಲ್ಲರಿಗಿಂತ ಹೆಚ್ಚು ಬೈಸಿಕೊಂಡ, ಹಿಂದಿನ ಸಾಲಿಗೆ ಹಾಕಿದರೆ ಮುಂದಿನವರ ಚಪ್ಪಲಿ ಬಚ್ಚಿಡುವ ನನ್ನನ್ನೇ ಇದಕ್ಕೆ ಯಾಕೆ ಆರಿಸಿದಿರಿ? ನಾನು ಅವರ ಅಕ್ಕನ ಮಗ ಎಂಬ ಕಾರಣಕ್ಕೆ. ಕುಟುಂಬ ರಾಜಕಾರಣವನ್ನು ವಿರೋಧಿಸುವ ನಾವು ಇದನ್ನು ಹೆಮ್ಮೆಯಿಂದ ಒಪ್ಪಿಕೊಳ್ಳೋಣ.

ಮಾನ್ಯರೇ, ಮಾವನ ಕೆಲಸ ಏನು? ಸಾವಿರಾರು ಜನ ಯಾವಾಗ ಚಪ್ಪಾಳೆ ತಟ್ಟಬೇಕು ಎಂದು ತೀರ್ಮಾನಿಸುವುದು. ಅವರು ತಟ್ಟಿದರೆ ನಾವು ತಟ್ಟುತ್ತೇವೆ. ಅವರು ಎದ್ದರೆ ನಾವು ಏಳುತ್ತೇವೆ. ಒಮ್ಮೆ ಅವರ ಕಾಲಿಗೆ ಜೋಮು ಹಿಡಿದು ಎದ್ದು ನಿಂತಾಗ ಇಡೀ ಮೈದಾನ ಎದ್ದು ನಿಂತದ್ದನ್ನು ನೀವು ಮರೆತಿಲ್ಲ. ನಾಯಕರು ಹಿಂದಿನ ಸರ್ಕಾರವನ್ನು ಬೈಯುತ್ತಿದ್ದರು ಆಗ; ಜನರೇ ಎದ್ದು ಬಿಟ್ಟರು ಎಂದು ಭಾವಿಸಿ ಅದೇ ಬೈಗುಳವನ್ನು ಇನ್ನೊಂದು ಸಲ ಬೈದರು.

ಈ ಕೆಲಸಕ್ಕೆ ಒಂದೇ ನಿಯಮ: ಭಾಷಣವನ್ನು ಕೇಳಬಾರದು, ನೋಡಬೇಕು. ಬಲಗೈ ಎತ್ತಿದರೆ ಚಪ್ಪಾಳೆ. ಕರವಸ್ತ್ರ ತೆಗೆದರೆ ಕಣ್ಣೀರು. ಕನ್ನಡಕ ತೆಗೆದರೆ ಮೂರು ಸಲ ಜಯಕಾರ. ಮಾತು ಕೇಳುತ್ತ ಕುಳಿತರೆ ಅರ್ಥ ಆಗುತ್ತದೆ, ಅರ್ಥ ಆದರೆ ಕೈ ನಿಧಾನವಾಗುತ್ತದೆ. ಆದ್ದರಿಂದ ಮಾವ ಪ್ರತಿ ಸಭೆಗೂ ಒಂದು ಪುಟ್ಟ ಡಬ್ಬಿಯಲ್ಲಿ ಹತ್ತಿ ಇಟ್ಟುಕೊಂಡು ಬರುತ್ತಿದ್ದರು. ನಾಯಕರ ಕಾರು ಕಂಡ ಕೂಡಲೇ ಎರಡೂ ಕಿವಿಗೆ ತುರುಕಿಕೊಂಡು, ದೇವರಂತೆ ಶಾಂತರಾಗುತ್ತಿದ್ದರು. ದೇಶದ ಮಹಾನಾಯಕರಿಗೆ ಅತ್ಯಂತ ಹತ್ತಿರದ ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತ ಮನುಷ್ಯ ಅವರ ಒಂದು ವಾಕ್ಯವನ್ನೂ ಕೇಳಿರಲಿಲ್ಲ. ಮಾವನ ಮೈಬಣ್ಣ ಇಷ್ಟು ಚೆನ್ನಾಗಿ ಉಳಿದಿರುವುದಕ್ಕೆ ಅದೇ ಕಾರಣ ಎಂದು ಅತ್ತೆ ಹೇಳುತ್ತಾರೆ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಮಾವನ ಕೆಲಸಕ್ಕೆ ಕುತ್ತು ತಂದ ಆ ಸಭೆಯ ದಿನ ಬೆಳಿಗ್ಗೆ ಅತ್ತೆ ತರಕಾರಿ ತರಲು ಕಾಲುವೆಯ ಮೇಲಿನ ಹೊಸ ಕಾಲುಸೇತುವೆ ಹತ್ತಿದರು. ಅದನ್ನು ಕಟ್ಟಿಸಿದ್ದು ಮಹಾನಾಯಕರ ಭಾವಮೈದುನ. ಉದ್ಘಾಟಿಸಿದ್ದು ಮಹಾನಾಯಕರು. ಉದ್ಘಾಟನೆಗೆ ಚಪ್ಪಾಳೆ ಹೊಡೆಸಿದ್ದು ನಮ್ಮ ಮಾವ. ಹೀಗೆ ಎಲ್ಲರೂ ತಂತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು, ಸಿಮೆಂಟೊಂದನ್ನು ಬಿಟ್ಟು. ಮಧ್ಯದ ಹಾಸು ಕುಸಿಯಿತು. ಅತ್ತೆಯ ಪಾದ ಮುರಿಯಿತು, ಹಣೆ ಒಡೆಯಿತು. ಟೊಮೆಟೊ ಮಾತ್ರ ಒಂದೂ ಒಡೆಯಲಿಲ್ಲ. ಅದನ್ನು ಅತ್ತೆ ಈಗಲೂ ಎಲ್ಲರಿಗೂ ಹೇಳುತ್ತಾರೆ.

ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿದರು. ನರ್ಸಮ್ಮ ಬಂದು, ಗಾಯ ಒರೆಸಲು ಹತ್ತಿ ಇಲ್ಲ, ಹೊರಗಿಂದ ತನ್ನಿ ಎಂದರು. ನಾನು ಓಡಿದೆ. ಎದುರಿನ ಔಷಧಿ ಅಂಗಡಿಗೆ ಬೀಗ. ಅಂಗಡಿಯವರು ಮಹಾನಾಯಕರ ಸಭೆಗೆ ಹೋಗಿದ್ದರು. ಅಗೋ, ಜಯಕಾರ ವಿಭಾಗದಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ. ಪರವಾಗಿಲ್ಲ ಸ್ವಾಮಿ, ತಲೆ ಎತ್ತಿ.

ನಾನು ಬರಿಗೈಯಲ್ಲಿ ಬಂದಾಗ ಮಾವ ಜೇಬಿನಿಂದ ಆ ಪುಟ್ಟ ಡಬ್ಬಿ ತೆಗೆದು, ಒಂದು ಎಳೆಯನ್ನೂ ಉಳಿಸದೆ ನರ್ಸಮ್ಮನ ಕೈಗೆ ಕೊಟ್ಟರು. ಅತ್ತೆ ಒಂದು ಕಣ್ಣು ತೆರೆದು ಕೇಳಿದರು: “ಹೊಸಾದ್ ತಾನೇ? ನಿಮ್ಮ ಕಿವಿಗೆ ಹೋಗಿ ಬಂದಿದ್ದಲ್ವಲ್ಲ?”

ಮಾವ ಅವತ್ತು ಕೆಲಸಕ್ಕೆ ಹೋಗುವುದಿಲ್ಲ ಎಂದು ಅಲ್ಲೇ ಕುಳಿತರು. ಅತ್ತೆ ಬಿಡಲಿಲ್ಲ. “ಹೋಗ್ರೀ ಸುಮ್ನೆ. ನೀವು ಚಪ್ಪಾಳೆ ಹೊಡೀದಿದ್ರೆ ಆ ಮನುಷ್ಯ ಭಾಷಣ ನಿಲ್ಸೋದೇ ಇಲ್ಲ. ಪಾಪ, ಜನ ಮನೆಗೆ ಹೋಗ್ಬೇಡ್ವಾ?”

ಹಾಗೆ, ಸಭಿಕರೇ, ಮಾವ ಬರಿಗಿವಿಯಲ್ಲಿ ಸಭೆಗೆ ಬಂದರು.

ನಾನು ಅವರ ಬೆನ್ನ ಹಿಂದಿನ ಕುರ್ಚಿಯಲ್ಲಿದ್ದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಕಿವಿ ಕಾಣುತ್ತಿದ್ದವು. ನಾಯಕರು ಎಂದಿನಂತೆ ಮಧ್ಯಾಹ್ನದ ಸಭೆಗೆ ಇಳಿಹೊತ್ತಿನಲ್ಲಿ ಬಂದರು. ತಮಗೆ ಸ್ವಂತ ಮನೆಯೇ ಇಲ್ಲ ಎಂದರು. ನಿಜ, ಎಲ್ಲವೂ ಭಾವಮೈದುನನ ಹೆಸರಿನಲ್ಲಿವೆ. ಮಾವನ ಕಿವಿ ಸ್ವಲ್ಪ ಕೆಂಪಾಯಿತು, ಆದರೂ ಚಪ್ಪಾಳೆ ತಟ್ಟಿದರು. ತಮ್ಮ ಹೊಟ್ಟೆ ಹಸಿದರೂ ಜನರ ಹೊಟ್ಟೆ ತುಂಬಬೇಕು ಎಂದು, ಸೊಂಟದ ಬೆಲ್ಟನ್ನು ಮೇಲಕ್ಕೆಳೆದುಕೊಳ್ಳುತ್ತ ಹೇಳಿದರು. ಕಿವಿ ಇನ್ನಷ್ಟು ಕೆಂಪಾಯಿತು. ತಾವು ಕಟ್ಟಿದ ಸೇತುವೆಗಳ ಮೇಲೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನಡೆಯುತ್ತಾರೆ ಎಂದರು. ಅಷ್ಟು ಹೊತ್ತಿಗೆ ಮಾವನ ಕಿವಿಯ ಮೇಲೆ ನೀರು ಕಾಯಿಸಬಹುದಿತ್ತು.

ಆಮೇಲೆ ನಾಯಕರು ದನಿ ತಗ್ಗಿಸಿ, ಎರಡು ಹೆಜ್ಜೆ ಮುಂದೆ ಬಂದು, ಎಲ್ಲರನ್ನೂ ಒಮ್ಮೆ ನೋಡಿ ಕೇಳಿದರು: “ಇವತ್ತು ಈ ಊರಿನ ಆಸ್ಪತ್ರೆಯಲ್ಲಿ ಏನಿಲ್ಲ, ನೀವೇ ಹೇಳಿ?”

ಹೀಗೆ ಕೇಳಿ, ಕನ್ನಡಕ ತೆಗೆದರು.

ಮಾವ ಎದ್ದು ನಿಂತರು. ಜಯಕಾರಕ್ಕೇ ಎದ್ದದ್ದು ಎಂದು ಅವರು ಇಂದಿಗೂ ಆಣೆ ಮಾಡಿ ಹೇಳುತ್ತಾರೆ. ಆದರೆ ಅಷ್ಟು ದೊಡ್ಡ ಮನುಷ್ಯರು ಮುಖಕ್ಕೆ ಮುಖ ಕೊಟ್ಟು ಒಂದು ಪ್ರಶ್ನೆ ಕೇಳಿದಾಗ ಉತ್ತರ ಕೊಡದಿರುವುದು ಮರ್ಯಾದೆಯೇ? ಮಾವ ಮರ್ಯಾದಸ್ಥರು. ನಿಧಾನವಾಗಿ ಹೇಳಿದರು: “ಹತ್ತಿ ಇಲ್ಲ.”

ಮೇಸ್ತ್ರಿ ಎದ್ದರೆ ಏಳಬೇಕು, ಮೇಸ್ತ್ರಿ ಕೂಗಿದ್ದನ್ನು ಕೂಗಬೇಕು. ಇದು ನಮ್ಮ ವೃತ್ತಿಧರ್ಮ. ಇಡೀ ಮೈದಾನ ಎದ್ದು ನಿಂತು, ಕನ್ನಡಕ ತೆಗೆದರೆ ಮೂರು ಸಲ ಎಂಬ ಲೆಕ್ಕದಲ್ಲಿ, ಒಂದೇ ಕಂಠದಿಂದ ಕೂಗಿತು: ಹತ್ತಿ ಇಲ್ಲ, ಹತ್ತಿ ಇಲ್ಲ, ಹತ್ತಿ ಇಲ್ಲ. ಬಾವುಟದ ಅಣ್ಣಂದಿರು ಬಾವುಟ ಬೀಸಿದರು. ಕಣ್ಣೀರು ವಿಭಾಗದವರು ಗಲಿಬಿಲಿಯಾಗಿ, ಯಾವುದಕ್ಕೂ ಇರಲಿ ಎಂದು ಅತ್ತೇಬಿಟ್ಟರು.

ಮಹಾನಾಯಕರು ಏನು ಮಾಡಿದರು? ಅವರೂ ನಮ್ಮ ಮಾವನ ಹಾಗೆಯೇ ಪಳಗಿದ ಕೆಲಸಗಾರರು. ಜನ ಏನು ಕೂಗುತ್ತಾರೆ ಎಂದು ಅವರು ಕೇಳುವುದಿಲ್ಲ, ಕೂಗುತ್ತಿದ್ದಾರೆಯೇ ಎಂದು ನೋಡುತ್ತಾರೆ. ಎರಡೂ ಕೈ ಜೋಡಿಸಿ, “ನಿಮ್ಮ ಈ ಪ್ರೀತಿಗೆ ನಾನು ಸದಾ ಋಣಿ” ಎಂದರು.

ಆ ರಾತ್ರಿ ಮನೆಮನೆಯ ಟೀವಿಯಲ್ಲಿ ಅದೇ ಬಂತು. ಜನಾಕ್ರೋಶ ಭುಗಿಲೆದ್ದಿದೆ ಎಂದು ಪತ್ರಿಕೆಗಳು ಬರೆದವು. ನಮ್ಮೂರಿನ ಹಲ್ಲಿನ ಡಾಕ್ಟರರು, ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಬಾಯಿ ತೆರೆದರು ಎಂದು ಸಂತೋಷಪಟ್ಟರು. ವಿಚಾರಣೆಗೆ ಒಂದು ಸಮಿತಿ ನೇಮಕವಾಯಿತು. ಆಸ್ಪತ್ರೆಯಲ್ಲಿ ಹತ್ತಿ ಯಾಕಿಲ್ಲ ಎಂದು ವಿಚಾರಿಸಲು ಅಲ್ಲ, ಸಭಿಕರಿಗೆ ಭಾಷಣ ಕೇಳಿಸಿದ್ದು ಹೇಗೆ ಎಂದು ವಿಚಾರಿಸಲು. ಇನ್ನು ಮುಂದೆ ನಾಯಕರ ಭಾಷಣದಲ್ಲಿ ಪ್ರಶ್ನಾರ್ಥಕ ವಾಕ್ಯಗಳು ಇರತಕ್ಕದ್ದಲ್ಲ ಎಂದು ಆ ಸಮಿತಿ ಶಿಫಾರಸು ಮಾಡಿತು.

ಆದರೆ ನಾನು ಹೇಳಬೇಕೆಂದಿರುವುದು ಟೀವಿಯಲ್ಲಿ ಬರದ ಸಂಗತಿ. ಊರಾಚೆಯ ಮೈದಾನದಿಂದ ಹಿಂತಿರುಗುವ ಬಸ್ಸಿನಲ್ಲಿ ಸಾಮಾನ್ಯವಾಗಿ ನಾವು ಬಾಯಿ ತೆರೆದು ಮಲಗಿಬಿಡುತ್ತೇವೆ. ಅವತ್ತು ಯಾರೂ ಮಲಗಲಿಲ್ಲ. ಬಾವುಟದ ದೊಡ್ಡಣ್ಣ ಕಿಟಕಿಯ ಕಡೆ ನೋಡುತ್ತ, ತಮ್ಮಷ್ಟಕ್ಕೆ ಹೇಳಿಕೊಂಡರು: “ನಮ್ ಕಡೆ ಡಾಕ್ಟ್ರೇ ಇಲ್ಲ ಕಣ್ರೋ.” ಹಿಂದಿನ ಸೀಟಿನ ಅಕ್ಕ ತಮ್ಮ ಬೀದಿಯಲ್ಲಿ ನಲ್ಲಿ ಇದೆ, ನೀರಿಲ್ಲ ಎಂದರು. ಶಾಲೆಗೆ ಸೂರಿಲ್ಲ ಎಂದು ಒಬ್ಬರು, ಮಗನಿಗೆ ಲಂಚ ಕೊಟ್ಟರೂ ಕೆಲಸವಿಲ್ಲ ಎಂದು ಒಬ್ಬರು. ಹೀಗೆ ಸೀಟಿನಿಂದ ಸೀಟಿಗೆ ಹೋಯಿತು. ಯಾರೂ ಕೈ ಎತ್ತಿರಲಿಲ್ಲ, ಕನ್ನಡಕ ತೆಗೆದಿರಲಿಲ್ಲ. ಮೇಸ್ತ್ರಿ ಹೇಳಿಕೊಡದೆ ನಾವು ಬಾಯಿಬಿಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು. ಒಂದು ಕ್ಷಣ ನನಗೂ ತಮಾಷೆ ಮಾಡಬೇಕು ಅನ್ನಿಸಲಿಲ್ಲ. ಆ ಕ್ಷಣ ದಾಟಿತು, ಗಾಬರಿಯಾಗಬೇಡಿ.

ಮಾರನೆಯ ದಿನ ಕಾಂಟ್ರಾಕ್ಟರು ಮಾವನನ್ನು ಶೆಡ್ಡಿಗೆ ಕರೆಸಿದರು. ಮಡಚಿಟ್ಟ ಕುರ್ಚಿಗಳ ನಡುವೆ ನಿಲ್ಲಿಸಿಕೊಂಡು, ಕೂರು ಎಂದೂ ಹೇಳದೆ, “ನಿನ್ನ ಕರ್ಕೊಂಡ್ ಬಂದಿದ್ದು ಕೂತ್ಕೊಳ್ಳೋಕೆ. ಕೇಳಿಸ್ಕೊಳ್ಳೋಕೆ ಯಾರಪ್ಪಾ ಹೇಳಿದ್ರು ನಿಂಗೆ?” ಎಂದರು. ಅಷ್ಟೇ. ಅಂದಿನಿಂದ ಮಾವ ಮನೆಯಲ್ಲಿದ್ದಾರೆ. ಅತ್ತೆ ಮಾತನಾಡುವಾಗ ಕನ್ನಡಕ ತೆಗೆದರೆ ಥಟ್ಟನೆ ಎದ್ದು ನಿಲ್ಲುತ್ತಾರೆ. ಅತ್ತೆಗೆ ಮೊದಮೊದಲು ಸಂತೋಷವಾಗಿತ್ತು, ಈಗ ಭಯವಾಗುತ್ತಿದೆ. ಬೇರೆ ಕಸುಬು ಅವರಿಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ, ಅಂಥ ಹೆಸರು ಹೊತ್ತವರನ್ನು, ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ? ವಿರೋಧ ಪಕ್ಷದವರು ಕೆಲಸ ಕೊಡುತ್ತೇವೆಂದು ಬಂದಿದ್ದರು. ತಮ್ಮ ನಾಯಕರೂ ಭಾಷಣ ಮಾಡುತ್ತಾರೆ, ಅದನ್ನೂ ಕೇಳಿಸಿಕೊಳ್ಳಬಾರದು ಎಂಬುದೇ ಅವರ ಷರತ್ತೂ ಆಗಿತ್ತು. ಮಾವ ಬೇಡವೆಂದರು. ಒಮ್ಮೆ ಕೇಳಿಸಿದ ಮೇಲೆ ಕಿವಿ ಮೊದಲಿನಂತಾಗುವುದಿಲ್ಲವಂತೆ. ನನಗೆ ನನ್ನ ಹಳೆಯ ಕುರ್ಚಿಯೇ ಬೇಕು, ಬರಿಗಿವಿಯಲ್ಲಿ ಕೂರುತ್ತೇನೆ, ಸರಿಯಾದ ಮಾತಿಗೆ ಚಪ್ಪಾಳೆ ಹೊಡೆಸುತ್ತೇನೆ, ಎಂದರು. ಅಂದರೆ ನಮಗೆಲ್ಲ ಕೆಲಸ ಬಹಳ ಕಡಿಮೆಯಾಗುತ್ತದೆ. ಆದರೂ ನಾವು ಅವರ ಜೊತೆಗಿದ್ದೇವೆ.

ಮಿತ್ರರೇ, ಕಾಂಟ್ರಾಕ್ಟರು ಈಗ ಇಕ್ಕಟ್ಟಿನಲ್ಲಿದ್ದಾರೆ. ಮಾವ ಇಲ್ಲದ ಕಳೆದ ಸಭೆಯಲ್ಲಿ ನಾಯಕರು ಕೆಮ್ಮಿದ್ದಕ್ಕೆ ಅರ್ಧ ಜನ ಜಯಕಾರ ಹಾಕಿದರು, ಹುತಾತ್ಮರನ್ನು ನೆನೆದಾಗ ಉಳಿದರ್ಧ ಜನ ಚಪ್ಪಾಳೆ ತಟ್ಟಿದರು. ಚುನಾವಣೆ ಎದುರಿಗಿದೆ. ಆ ಕುರ್ಚಿ ಖಾಲಿಯಿದ್ದಷ್ಟು ದಿನ ಅವರಿಗೆ ನಿದ್ದೆಯಿಲ್ಲ. ನಮ್ಮಲ್ಲಿ ಒಬ್ಬನೇ ಒಬ್ಬ ಆಸೆಬುರುಕ ಹೋಗಿ ಅಲ್ಲಿ ಕೂತರೆ ಸಾಕು, ಮಾವನ ಕಥೆ ಮುಗಿಯಿತು. ಕೂರುತ್ತೀರಾ? ಅನ್ನ ತಿನ್ನುವ ಯಾರಾದರೂ ಕೂರುತ್ತಾರಾ? ದೇಶ ಹಾಳಾದದ್ದು ಹೇಗೆ? ಒಬ್ಬೊಬ್ಬರಾಗಿ ಹೋಗಿ ಕೂತದ್ದರಿಂದ ತಾನೇ?

ನಿರ್ಣಯಕ್ಕೆ ಒಪ್ಪಿಗೆಯಿರುವವರು ಕೈ ಎತ್ತಬೇಕು.

ಆಹಾ. ಬಾವುಟದವರು ಎರಡೆರಡು ಎತ್ತಿದ್ದಾರೆ. ಅಧ್ಯಕ್ಷರೂ ಎತ್ತಿದ್ದಾರೆ. ಔಷಧಿ ಅಂಗಡಿಯವರು ಎಲ್ಲರಿಗಿಂತ ಎತ್ತರಕ್ಕೆ. ಮಾವ, ನೀವು ಎತ್ತಬೇಕಾಗಿಲ್ಲ, ಕಣ್ಣು ಒರೆಸಿಕೊಳ್ಳಿ.

ಕಾರ್ಯದರ್ಶಿಗಳು ನನ್ನ ಕಡೆ ಯಾಕೆ ನೋಡುತ್ತಿದ್ದಾರೆಂದು ಗೊತ್ತು. ನನ್ನ ಒಂದು ಕೈಯಲ್ಲಿ ಮೈಕ್ ಇದೆ. ಇನ್ನೊಂದರಲ್ಲಿ ಭಾಷಣದ ಹಾಳೆ ಇದೆ. ಹಾಳೆ ಮೇಜಿನ ಮೇಲಿಡಬಹುದಲ್ಲ ಎಂದು ಕೇಳುತ್ತೀರಿ. ಇಡಬಹುದು.

ಪ್ರಿಯ ಸಭಿಕರೇ, ಇವತ್ತು ಬೆಳಿಗ್ಗೆ ಕಾಂಟ್ರಾಕ್ಟರು ನನ್ನನ್ನೂ ಶೆಡ್ಡಿಗೆ ಕರೆಸಿದ್ದರು. ನನಗೆ ಮಾತ್ರ ಕೂರು ಎಂದರು. ಆಗುವುದಿಲ್ಲ ಎಂದು ಹೇಳುವುದಕ್ಕೇ ನಾನು ಬಾಯಿ ತೆರೆದದ್ದು. ಬಾಯಿಂದ ‘ಆಗಲಿ’ ಎಂದು ಬಂತು. ಸೋಮವಾರದಿಂದ ಮಾವನ ಕುರ್ಚಿಗೆ ಬರಲು ಹೇಳಿದ್ದಾರೆ. ಇಷ್ಟು ಚೆನ್ನಾಗಿ ಮಾತನಾಡಿದರೆ ನನ್ನ ಮನಸ್ಸೇ ಬದಲಾಗಬಹುದು ಎಂದು ಕಡೆಯವರೆಗೂ ಕಾದೆ.

ತಾಳ್ಮೆಯಿಂದ ಕೇಳಿಸಿಕೊಂಡಿದ್ದೀರಿ, ಅದು ನಿಮ್ಮ ಕಸುಬೇ ಅಲ್ಲ, ಆದ್ದರಿಂದ ವಿಶೇಷ ವಂದನೆಗಳು. ಕೈಗಳನ್ನು ಇನ್ನು ಇಳಿಸಬಹುದು. ದಯವಿಟ್ಟು ಇಳಿಸಿ. ಮಾವ, ನಮಸ್ಕಾರ.