ಮೊದಲ ಮನೆಯಲ್ಲೇ ನಿಂತ ಪ್ರಾರ್ಥನೆ

"ಹಲೋ... ಯಾರು ಮಾತಾಡ್ತಿರೋದು? ಯಾರು? ಸ್ವಲ್ಪ ಜೋರಾಗಿ ಹೇಳಿ, ಮಶೀನು ಓಡ್ತಿದೆ."

ಅವಳು ಹೊಲಿಗೆ ಮಶೀನಿನ ಚಕ್ರದ ಮೇಲೆ ಅಂಗೈಯಿಟ್ಟು ನಿಲ್ಲಿಸಿದಳು. ಶಾಲೆಯ ಮಕ್ಕಳ ಅಂಗಿಯೊಂದು ಸೂಜಿಯ ಕೆಳಗೆ ಅರ್ಧ ತೋಳಿನಲ್ಲೇ ಉಳಿಯಿತು.

"ಓ, ನೀನಾ. ಹೊಸ ನಂಬರು, ಗೊತ್ತಾಗ್ಲಿಲ್ಲ ಕಣೇ... ನರ್ಸಮ್ಮನ ಫೋನಾ? ಹಾಂ, ಹೇಳು. ಹೇಗಿದ್ದಾನೆ ನನ್ನ ಮೈದುನ?"

...

"ಗಂಟು ಕೆಟ್ಟದ್ದಲ್ವಂತಾ? ರಿಪೋರ್ಟು ಬಂತಾ?... ಪೂರ್ತಿ ತೆಗೆದ್ರಂತಾ. ಮತ್ತೆ ಹಾಡಬಹುದಂತಾ?... ಒಳ್ಳೇದಾಯ್ತು. ಹೂಂ, ಒಳ್ಳೇದಾಯ್ತು ಅಂದೆನಲ್ಲ. ಇನ್ನೆಷ್ಟು ಸಲ ಅನ್ನಲಿ?"

ಫೋನಿನಲ್ಲಿದ್ದವಳು ಮೈದುನನ ಹೆಂಡತಿ. ಮೈದುನ ಚರ್ಚಿನ ಸಭೆಯಲ್ಲಿ ಹಾಡು ಹೇಳಿಸುವವನು. ಗಂಟಲಲ್ಲಿ ಗಂಟು ಕಂಡದ್ದು ಸೋಮವಾರ, ಆಪರೇಷನ್ ಆದದ್ದು ಗುರುವಾರ, ಇವತ್ತು ಶನಿವಾರ. ಅವನ ಅಣ್ಣ, ಎಂದರೆ ಇವಳ ಗಂಡ, ಮೂರು ವರ್ಷದ ಹಿಂದಿನವರೆಗೆ ಬಡಗಿ. ಒಂದು ಮುಂಜಾನೆ ಲಕ್ವ ಹೊಡೆದು ಬಲಗೈ ಸತ್ತುಹೋಯಿತು. ಅಂದಿನಿಂದ ಇವಳ ಮಶೀನಿನ ಎದುರಿನ ಕುರ್ಚಿಯೇ ಅವನ ಜಾಗ.

"ಅಲ್ಲಾ ಕಣೇ, ನಿಮ್ಮ ಮನೆ ವಿಷಯ ಅಂದ್ರೆ ದೇವರಿಗೆ ಅದೇನು ಅವಸರವೋ. ನೀನು ಮನೆ ಕೇಳಿದೆ, ಸಿಕ್ತು. ಮಗು ಕೇಳಿದೆ, ಅವಳಿ ಜವಳಿ ಕೊಟ್ಟ. ನೀನು ಸುಮ್ನೆ ಆಕಳಿಸಿದ್ರೂ ಅಲ್ಲಿ ಪ್ರಾರ್ಥನೆ ಅಂತಲೇ ಬರ್ಕೋತಾರೇನೋ... ನಗಬೇಡ. ತಮಾಷೆಗೆ ಹೇಳಲಿಲ್ಲ ನಾನು."

...

"ಏನು? ನಾಳೆ ಬೆಳಿಗ್ಗೆ ಬಿಡ್ತಾರಾ? ನೇರ ಆರಾಧನೆಗೆ ಬರ್ತೀರಾ... ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳ್ತೀಯಾ? ಎದ್ದು ನಿಂತು, ಪ್ರಾರ್ಥನೆ ಮಾಡಿದ ಹನ್ನೊಂದು ಮನೆಯನ್ನೂ ಒಂದೊಂದಾಗಿ ಹೇಳಿ? ಮೊದಲು ನನ್ನ... ಬೇಡ. ಬೇಡ ಕಣೇ, ನನ್ನ ಮನೆ ಹೇಳ್ಬೇಡ."

ಅವರ ಸಭೆಯಲ್ಲಿ ಹನ್ನೊಂದು ಮನೆಗಳ ಪ್ರಾರ್ಥನೆಯ ಸರಪಳಿಯೊಂದಿತ್ತು. ಕಷ್ಟ ಬಂದವರು ಮೊದಲ ಮನೆಗೆ ಫೋನ್ ಮಾಡುವುದು. ಮೊದಲ ಮನೆಯವರು ಪುಸ್ತಕದಲ್ಲಿ ಬರೆದುಕೊಂಡು ಎರಡನೆಯ ಮನೆಗೆ, ಅವರು ಮೂರನೆಯ ಮನೆಗೆ, ಹೀಗೆ ಕೊನೆಗೆ ಪಾಸ್ಟರ ಮನೆ ಮುಟ್ಟುವುದು. ಮೊದಲ ಮನೆ ಇವಳದು. ಸೋಮವಾರ ಓರಗಿತ್ತಿ ಅಳುತ್ತ ಹೇಳಿದ್ದನ್ನು ದುಂಡಗೆ ಬರೆದುಕೊಂಡಿದ್ದಳು. ಎರಡನೆಯದಾದ ಬೇಕರಿಯವರ ಮನೆಗೆ ಫೋನ್ ಮಾಡಿರಲಿಲ್ಲ.

"ಪಾಸ್ಟರ್ ಒಂದು ಫೋನೂ ಮಾಡ್ಲಿಲ್ಲ ಅಂತೀಯಾ... ಹೇಗೆ ಮಾಡ್ತಾರೆ? ಅವರಿಗೆ ಗೊತ್ತೇ ಇಲ್ಲ. ಯಾರಿಗೂ ಗೊತ್ತಿಲ್ಲ. ನಾನು ಬೇಕರಿಯವರ ಮನೆಗೆ ಹೇಳಲೇ ಇಲ್ಲ ಕಣೇ. ನನ್ನ ಪುಸ್ತಕದಲ್ಲೇ ನಿಂತೋಯ್ತು."

...

"ಮರೆತಿದ್ದಲ್ಲ. ನೀನಾಗಿ ನೀನೇ ನನಗೊಂದು ನೆಪ ಹುಡುಕಿ ಕೊಡಬೇಡ. ಬೇಕಂತಲೇ."

ಕುರ್ಚಿಯಲ್ಲಿದ್ದ ಗಂಡ ತಲೆಯೆತ್ತಿದ. ಅವಳು ಅವನತ್ತ ನೋಡಲಿಲ್ಲ.

"ಮೊಣಕಾಲೂರಿದೆ, ಇಲ್ಲ ಅನ್ನಲ್ಲ. ಆದ್ರೆ ಬಾಯಿ ತೆಗೆದ್ರೆ ನಿನ್ನ ಗಂಡನ ಹೆಸರು ಬರ್ಲಿಲ್ಲ, ದೂರು ಬಂತು. ಮೂರು ವರ್ಷ ಕಣೇ. ಹನ್ನೊಂದು ಮನೆ ಸೇರಿ ಇವರ ಬಲಗೈಗೆ ಪ್ರಾರ್ಥನೆ ಮಾಡ್ತು. ಒಂದು ಬೆರಳು ಅಲ್ಲಾಡಲಿಲ್ಲ. ನಿನ್ನ ಗಂಡನಿಗೆ ಒಂದು ಮನೆಯೂ ಮಾಡ್ಲಿಲ್ಲ, ನಾನೇ ಅಡ್ಡ ನಿಂತೆ. ಆದ್ರೂ ಐದು ದಿನದಲ್ಲಿ ಕೊಟ್ಟುಬಿಟ್ಟ. ಈಗ ನೀನೇ ಹೇಳು, ದೇವರು ನಂಬಿಗಸ್ತ ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

...

"ಇದ್ದೀಯಾ? ಹಲೋ... ಅಳ್ತಿದ್ದೀಯಾ? ಬೈಯೋದಾದ್ರೆ ಬೈದುಬಿಡು, ಸುಮ್ಮನಿರಬೇಡ."

...

"ನಿನ್ನ ಭಾವಾನಾ? ಏನು ಮಾಡ್ತಿದ್ದಾರೆ ಅಂದ್ರೆ... ಇಲ್ಲೇ ಕೂತಿದ್ದಾರೆ. ಬಟ್ಟೆ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಹಾಕ್ತಿದ್ದಾರೆ, ನಾನು ಕತ್ತರಿಸೋಕೆ."

...

"ಹಾಂ, ಎಡಗೈಯಲ್ಲಿ... ಯಾವಾಗಿಂದ ಅಂದ್ರೆ, ಹೋದ ವರ್ಷದಿಂದ. ಮೊದಮೊದಲು ಕೋಳಿ ಕೆದರಿದ ಹಾಗಿತ್ತು. ಈಗ ಬಾಗಿಲ ಚೌಕಟ್ಟಿಗೆ ಹಾಕ್ತಿದ್ರಲ್ಲ, ಹಾಗೇ ನೇರ. ಇವರು ಗೆರೆ ಹಾಕಿಕೊಡೋದ್ರಿಂದಲೇ ಎರಡು ಶಾಲೆಯ ಕೆಲಸ ಒಪ್ಕೊಂಡಿದ್ದೀನಿ."

...

"ಇಲ್ಲ, ನಿನಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಪುಸ್ತಕದಲ್ಲೂ ಬರೀಲಿಲ್ಲ... ಯಾಕೆ ಅಂದ್ರೆ, ನಾನು ಕೇಳಿದ್ದು ಬಲಗೈ ಕಣೇ."

ಹಾಗೆಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಮೇಜಿನ ಮೇಲೆ ನೀಲಿ ಬಟ್ಟೆ ಹರಡಿತ್ತು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮುಂಗೈಗೆ ಬಿಳಿ ಗೆರೆಗಳು ಇಳಿದಿದ್ದವು. ಈ ಗೆರೆಗಳ ಮೇಲೇ ಕತ್ತರಿಯಾಡಿಸಿ ಒಂದು ವರ್ಷ ಮನೆ ನಡೆದಿತ್ತು. ಕೊಟ್ಟವನು ದಿನವೂ ಕೊಡುತ್ತಲೇ ಇದ್ದ. ತಾನು ಮಾತ್ರ ಮುಖ ತಿರುಗಿಸಿ ಪಕ್ಕದ ಎಲೆಗೆ ಏನು ಬಿತ್ತೆಂದು ನೋಡುತ್ತ ಕೂತಿದ್ದೆ ಎಂದು ಅವಳಿಗೆ ಅನ್ನಿಸಿತು. ಹಾಗೆಂದು ಹೊಟ್ಟೆಯೊಳಗಿನ ಉರಿ ಪೂರ್ತಿ ಆರಲಿಲ್ಲ. ಅದು ಅಷ್ಟು ಬೇಗ ಆರುವಂಥದ್ದಲ್ಲ.

"ಸುಳ್ಳು ಹೇಳಲ್ಲ ಕಣೇ. ನಾಳೆ ಅವನು ಚೆನ್ನಾಗಿ ನಡ್ಕೊಂಡು ಬರೋದನ್ನ ನೋಡಿದ್ರೆ ನನಗೆ ಮತ್ತೆ ಕಿಚ್ಚಾಗುತ್ತೆ. ಆಗಲಿ. ಅದನ್ನೂ ದೇವರ ಪಾದಕ್ಕೇ ಹಾಕ್ತೀನಿ, ಇನ್ನೆಲ್ಲಿ ಹಾಕಲಿ..."

...

"ಏನಂದೆ? ಸ್ಪೀಕರಿನಲ್ಲಿತ್ತಾ? ಮೊದಲಿಂದಲೂ?... ಅಯ್ಯೋ ತಂದೆ. ಅವನೂ ಎಲ್ಲಾ ಕೇಳಿಸ್ಕೊಂಡನಾ?"

ಅವಳು ಸ್ಟೂಲಿನಿಂದ ಎದ್ದಳು. ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕೂತಳು.

"ಅವನ ಕೈಗೆ ಕೊಡಬೇಡ, ಗಾಯ ಇನ್ನೂ ಹಸಿ... ಡಾಕ್ಟರೇ ಅಂದ್ರಾ? ಇವತ್ತಿಗೆ ಒಂದೇ ಮಾತಾ? ನಿನಗಾದ್ರೂ ಆಡಿದ್ನಾ?... ಮಕ್ಕಳಿಗೂ ಆಡಿಲ್ವಾ? ಮತ್ತೆ ನನಗ್ಯಾಕೆ? ಬೇಡ ಅನ್ನು. ನಾನು ಬೈಸ್ಕೊಳ್ಳೋಕೆ ನಾಳೆ ಅಲ್ಲೇ ಸಿಗ್ತೀನಲ್ಲ..."

ಆ ಕಡೆ ಫೋನು ಕೈ ಬದಲಾಯಿತು. ಉಸಿರು ಕೇಳಿಸಿತು. ಕಡ್ಡಿ ಗೀರಿದಂಥ, ಇನ್ನೂ ಪೂರ್ತಿ ಹೊರಬಾರದ ದನಿಯಲ್ಲಿ ಅವನು ಆ ದಿನದ ಒಂದೇ ಮಾತನ್ನು ಆಡಿದ: ಅತ್ತಿಗೆ.

"ಹಾಂ..." ಎಂದಳು ಅವಳು.

...

"ಹಾಂ ಕಣೋ, ಅತ್ತಿಗೇನೇ. ನಿನ್ನ ಅತ್ತಿಗೇನೇ ಮಾತಾಡ್ತಿರೋದು. ಇನ್ನು ಸುಮ್ಮನಿರು, ಗಂಟಲು ಕೆಡಿಸ್ಕೋಬೇಡ. ಮತ್ತೆ ಅವಳಿಗೆ ಹೇಳು, ನಾಳೆ ಅವಳು ಎದ್ದು ನಿಲ್ಲೋ ಮೊದಲು ನಾನು ಎದ್ದು, ಆ ಪುಸ್ತಕದ ವಿಷಯ, ಇವರ ಎಡಗೈ ವಿಷಯ..."

ಲೈನು ಕಡಿಯಿತು.