ತಾಲೀಮಿನ ತಮ್ಮ

ವೇದಿಕೆಯ ನಡುವೆ ಕುಳಿತು ಆಗಲೇ ಕೈಗಡಿಯಾರ ನೋಡಿಕೊಳ್ಳುತ್ತಿರುವ ಮಾನ್ಯ ಅಧ್ಯಕ್ಷರೇ, ಬಿಡುವಿಲ್ಲದ ಚಿತ್ರೀಕರಣದ ನಡುವೆಯೂ ಬಂದಿರುವ ಮುಖ್ಯ ಅತಿಥಿಗಳೇ, ಇಂದಿನ ಬೀಳ್ಕೊಡುಗೆಯೇ ತಮ್ಮದಾಗಿದ್ದರೂ ಯಾರದೋ ಕುರ್ಚಿಯಲ್ಲಿ ಕೂತವರಂತೆ ತುದಿಯಲ್ಲಿ ಕುಳಿತಿರುವ ನಮ್ಮ ಬದಲಿಯವರೇ, ಕಲಾವಿದ ಮಿತ್ರರೇ, ಬೆಳಕಿನವರೇ, ಬಣ್ಣದವರೇ, ಹಾಗೂ ಸಭಿಕರೇ,

ಮೈಕು ಸ್ವಲ್ಪ ತಗ್ಗಿಸಿ. ಇನ್ನೂ ಸ್ವಲ್ಪ. ಸಾಕು. ಇದನ್ನು ಬೆಳಿಗ್ಗೆಯೇ ನೋಡಿಕೊಳ್ಳಬೇಕಿತ್ತು. ಹಿಂದಿನ ಸಾಲಿನಲ್ಲಿ ನಿಂತಿರುವವರು ಮುಂದೆ ಬಂದು ಕುಳಿತುಕೊಳ್ಳಿ, ಜಾಗ ಬೇಕಾದಷ್ಟಿದೆ, ಇಲ್ಲಿ ಯಾರೂ ಕಚ್ಚುವುದಿಲ್ಲ.

ಕಾರ್ಯದರ್ಶಿಯವರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹೊತ್ತು ಮೀರಬೇಡಿ ಎಂದು ಕಿವಿಯಲ್ಲಿ ಹೇಳಿ ಹೋದರು. ನನಗೆ ಹೇಳುತ್ತಾರೆ! ಈ ಸಂಸ್ಥೆಯ ನಾಟಕಗಳಿಗೂ ಸಿನಿಮಾಗಳಿಗೂ ತಾಲೀಮು ಏರ್ಪಡಿಸಿ, ಯಾರು ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ತಿರುಗಬೇಕು ಎಂದು ಕೂಗಾಡಿಯೇ ತಲೆ ಬೆಳ್ಳಗಾದವನು ನಾನು. ತಡವಾಗಿ ಬಂದ ಒಬ್ಬರನ್ನಾದರೂ ಸುಮ್ಮನೆ ಒಳಗೆ ಬಿಟ್ಟಿದ್ದೇನೆಯೇ? ಮುಖ್ಯ ಅತಿಥಿಗಳು ನಗುತ್ತಿದ್ದಾರೆ. ಅವರು ನಾಯಕನಟರಾಗುವ ಮೊದಲೂ ನನ್ನಿಂದ ಬೈಸಿಕೊಂಡವರು, ಆದಮೇಲೂ ಬೈಸಿಕೊಂಡವರು. ನನ್ನ ಬೆನ್ನ ಹಿಂದೆ ನೀವೆಲ್ಲ ನನ್ನನ್ನು ‘ಇನ್ನೊಂದ್ಸಲ’ ಎಂದು ಕರೆಯುವುದೂ ನನಗೆ ಗೊತ್ತು. “ಇನ್ನೊಂದ್ಸಲ ಬಂದ್ರಾ?” “ಇನ್ನೊಂದ್ಸಲ ಊಟಕ್ಕೆ ಹೋದ್ರು.” ದೃಶ್ಯ ಎಷ್ಟೇ ಚೆನ್ನಾಗಿ ಬಂದರೂ ನನ್ನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಇರಲಿ, ಬೇಸರವಿಲ್ಲ.

ಇಂದು ಮಾತಾಡಬೇಕಾದುದು ಬದಲಿಯವರ ಬಗ್ಗೆ. ಹೊಸಬರಿಗಾಗಿ ಹೇಳುತ್ತೇನೆ. ತಾಲೀಮಿಗೆ ಯಾರು ಬರದಿದ್ದರೂ ಅವರ ಜಾಗದಲ್ಲಿ ನಿಂತು ಅವರ ಮಾತು ಹೇಳುವವರು ಇವರು. ಖಳನಾಯಕನಿಗೆ ಹಲ್ಲುನೋವೇ? ಬದಲಿಯವರನ್ನು ಕರೆಯಿರಿ. ನಾಯಕನಿಗೆ ಬೇರೆ ಊರಿನಲ್ಲಿ ಚಿತ್ರೀಕರಣವೇ? ಬದಲಿಯವರನ್ನು ಕರೆಯಿರಿ. ಒಮ್ಮೆ ನಾಯಕಿ ಬರಲಿಲ್ಲ. ಇವರು ಆ ದಪ್ಪ ಮೀಸೆ ಇಟ್ಟುಕೊಂಡೇ ಪ್ರಿಯತಮೆಯಾಗಿ ನಿಂತು, “ನನ್ನನ್ನು ಮರೆತುಬಿಡು” ಎಂದರು. ಎದುರಿಗಿದ್ದ ನಟನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಪ್ರದರ್ಶನದ ದಿನ ಮಾತ್ರ ಇವರು ತೆರೆಯ ಹಿಂದೆ ಕುರ್ಚಿ ಎತ್ತಿಡುತ್ತಿದ್ದರು. ನನ್ನ ಹೆಸರೂ ಹಾಕಿ ಎಂದು ಒಂದು ದಿನವೂ ಕೇಳಿದವರಲ್ಲ.

ನಮ್ಮ ತಾಲೀಮಿನ ಕೋಣೆಯನ್ನು ನೀವು ಬಲ್ಲಿರಿ. ಮನೆ, ಆಸ್ಪತ್ರೆ, ಅರಮನೆ, ಎಲ್ಲವೂ ಅಲ್ಲಿ ನೆಲದ ಮೇಲಿನ ಸೀಮೆಸುಣ್ಣದ ಗೆರೆ. ಎರಡು ಕುರ್ಚಿ ಜೋಡಿಸಿದರೆ ಕಾರು, ನಾಲ್ಕು ಜೋಡಿಸಿದರೆ ಮಂಚ. ಆ ಕೋಣೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವರು ಇಬ್ಬರು, ನಾನು ಮತ್ತು ಇವರು. ಒಂದು ಬೆಳಿಗ್ಗೆ ನಾನು ಮಂಡಿಯೂರಿ ಗೆರೆ ಎಳೆಯುತ್ತ ಏನೋ ಗೊಣಗುತ್ತಿದ್ದೆ.

“ಯಾರಿಗೆ ಸಾರ್ ಬೈತಾ ಇದೀರಿ? ಇನ್ನೂ ಯಾರೂ ಬಂದೇ ಇಲ್ವಲ್ಲ” ಎಂದರು ಇವರು.

“ನನ್ನ ತಮ್ಮನಿಗೆ” ಎಂದೆ. ಎಂದವನೇ ನಾಲಿಗೆ ಕಚ್ಚಿಕೊಂಡೆ. ನನಗೊಬ್ಬ ತಮ್ಮನಿದ್ದಾನೆಂಬುದು ಸಂಸ್ಥೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ವಿಷಯ ಇಲ್ಲಿ ಎತ್ತಬೇಕೆಂದು ನಾನು ಬಂದಿರಲಿಲ್ಲ. ಬರೆದುಕೊಂಡು ಬಂದ ಭಾಷಣ ಬೇರೆಯೇ ಇದೆ, ಜೇಬಿನಲ್ಲಿ. ಆದರೆ ಶುರುವಾಗಿಬಿಟ್ಟಿತು, ಹೇಳಿಬಿಡುತ್ತೇನೆ.

ನಾನೂ ನನ್ನ ತಮ್ಮನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮನ ಮನೆಗೆ ನೆಂಟರೆಲ್ಲ ಊಟಕ್ಕೆ ಬಂದಿದ್ದರು. ದೊಡ್ಡವನಿಗೆ ಏನು ಕೆಲಸ ಎಂದು ಯಾರೋ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ: “ಆಡೋರು ಬೇರೆ, ಬರೆಯೋರು ಬೇರೆ, ಚಪ್ಪಾಳೆ ತಗೊಳ್ಳೋರು ಬೇರೆ. ನಮ್ಮಣ್ಣ ಗಡಿಯಾರ ನೋಡ್ಕೊಂಡು ಬೈಯೋನು!” ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಬೇರೆಯವರ ನಗುವನ್ನು ನುಂಗಿಕೊಳ್ಳುತ್ತಿದ್ದೆನೋ ಏನೋ, ಅಮ್ಮನದು ಗಂಟಲಲ್ಲಿ ಸಿಕ್ಕಿಕೊಂಡಿತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡೆ. “ಅಣ್ಣಾ, ತಮಾಷೆಗಂದೆ ಕಣೋ, ಬಾ, ಕೂತ್ಕೋ” ಎಂದ ಹಿಂದಿನಿಂದ. ಕೂರಲಿಲ್ಲ.

ತಮಾಷೆಯಂತೆ, ತಮಾಷೆ! ಹತ್ತು ಜನರ ಮುಂದೆ ಅಣ್ಣನ ಮರ್ಯಾದೆ ತೆಗೆಯುವುದು ತಮಾಷೆಯೇ? ನೀವೇ ಹೇಳಿ. ನೋಡಿ, ಇಷ್ಟು ವರ್ಷದ ಮೇಲೂ ನನ್ನ ದನಿ ಏರುತ್ತದೆ. ಕ್ಷಮಿಸಿ.

ಅವನು ಬಂದು ತಪ್ಪಾಯಿತು ಎನ್ನಲಿ ಎಂದು ನಾನು ಕಾದೆ. ಎದ್ದು ಹೋದವನು ತಾನೇ ಬರಲಿ ಎಂದು ಅವನು ಕಾದ. “ನೀನು ದೊಡ್ಡೋನು ಕಣೋ, ನೀನೇ ಒಂದು ಹೆಜ್ಜೆ ಮುಂದೆ ಹೋಗು” ಎಂದು ಅಮ್ಮ ಇರುವವರೆಗೂ ಹೇಳಿದಳು. ಅಮ್ಮ ಹೋದ ದಿನವೂ ನಾವಿಬ್ಬರು ಅಂಗಳದ ಎರಡು ತುದಿಯಲ್ಲಿ ನಿಂತಿದ್ದೆವು. ಆಮೇಲೆ ಅವನು ಡ್ರೈವಿಂಗ್ ಸ್ಕೂಲ್ ತೆರೆದ. ತಲೆಯ ಮೇಲೆ ಕೆಂಪಕ್ಷರದ ಹಲಗೆ ಹೊತ್ತ ಅವನ ಕಾರು ಆಮೆಯ ಹಾಗೆ ನಮ್ಮ ಬೀದಿಯಲ್ಲಿ ಹೋಗುತ್ತಿತ್ತು. ಕಂಡಾಗಲೆಲ್ಲ ನಾನು ಅಂಗಡಿಯ ಕಡೆ ತಿರುಗಿ, ಬೇಡದ ಸಾಮಾನಿಗೆ ಬೆಲೆ ಕೇಳುತ್ತಿದ್ದೆ. ನನಗೆ ಅವನು ಬೇಕಾಗಿದ್ದ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಆ ಬೆಳಿಗ್ಗೆ ಬದಲಿಯವರು ಇದೆಲ್ಲ ಕೇಳಿಸಿಕೊಂಡು, “ಅದಕ್ಯಾಕೆ ಸಾರ್ ಇಷ್ಟು ಯೋಚನೆ? ನನ್ನ ಹತ್ರ ಒಂದ್ಸಲ ಹೇಳಿ ನೋಡಿ. ಬೇರೆಯವರ ಜಾಗದಲ್ಲಿ ನಿಲ್ಲೋದೇ ನನ್ನ ಕೆಲಸ ಅಲ್ವಾ? ಸರಿಹೋಯ್ತು ಅನ್ನಿಸಿದ ದಿನ ನೇರ ಅವರ ಮನೆಗೆ ಹೋಗ್ಬಿಡಿ” ಎಂದರು.

ಹೀಗೆ ಶುರುವಾಯಿತು. ನೆಲದ ಮೇಲೆ ನನ್ನ ತಮ್ಮನ ಮನೆಯ ಬಾಗಿಲು ಬರೆದೆ. ಒಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಇವರು. ಗೆರೆಯ ಈಚೆ ನಿಂತು ನಾನು ಗಾಳಿಯಲ್ಲಿ ಬಾಗಿಲು ತಟ್ಟುತ್ತಿದ್ದೆ. ಮೊದಮೊದಲು ಬರೀ ಬೈಗುಳ. “ಏನಂದುಕೊಂಡಿದೀಯ ನಿನ್ನನ್ನ ನೀನು?” ಎಂದು ಹಿಡಿದರೆ ನಟರು ಬರುವವರೆಗೂ ಮುಗಿಯುತ್ತಿರಲಿಲ್ಲ. ಇವರು ಸುಮ್ಮನೆ ಕೇಳಿಸಿಕೊಂಡು, “ಸಾರ್, ಮಾತು ಸ್ವಲ್ಪ ಉದ್ದ ಆಯ್ತು” ಎನ್ನುತ್ತಿದ್ದರು. ಎಲ್ಲರಿಗೂ ನಾನು ಹೇಳುವ ಮಾತನ್ನು ನನಗೇ ಹೇಳುತ್ತಿದ್ದರು! ಸರಿ, ಕತ್ತರಿಸಿದೆ. ಬೈಗುಳ ಹೋಯಿತು. ಆಮೇಲೆ ಬುದ್ಧಿಮಾತು ಹೋಯಿತು. ಅಮ್ಮನ ಹೆಸರಿನಲ್ಲಿ ಅಳುವ ಒಂದು ಭಾಗವಿತ್ತು, ಅದೂ ಹೋಯಿತು. ವರ್ಷಗಳು ಕಳೆದು ಕೊನೆಗೆ ಉಳಿದದ್ದು ಒಂದೇ ಮಾತು. ಬಾಗಿಲು ತಟ್ಟಬೇಕು, ಒಳಗೆ ಬರಬೇಕು, “ಊಟ ಆಯ್ತೇನೋ?” ಎನ್ನಬೇಕು. ಅಷ್ಟೇ. ಊಟದಿಂದ ಎದ್ದು ಬಂದವನಿಗೆ ಇನ್ನೇನು ಹೇಳಲಿಕ್ಕಿದೆ?

“ಇದು ಸರಿಯಾಯ್ತು ಸಾರ್, ಇವತ್ತೇ ಹೋಗಿ” ಎಂದರು ಬದಲಿಯವರು.

ನಾನೇನು ಹೇಳಿದೆ? ನೀವೆಲ್ಲ ಊಹಿಸಬಲ್ಲಿರಿ. “ಆ ‘ಊಟ’ ಅನ್ನೋದು ಸ್ವಲ್ಪ ಗಡುಸಾಯ್ತು. ಇನ್ನೊಂದ್ಸಲ.”

ನನ್ನ ಕಷ್ಟ ಏನೆಂದರೆ, ಸಭಿಕರೇ, ಇವರು ತೀರಾ ಚೆನ್ನಾಗಿ ಮಾಡುತ್ತಿದ್ದರು. ನಾನು “ಊಟ ಆಯ್ತೇನೋ?” ಎಂದರೆ, ಇವರು ತಲೆ ಎತ್ತಿ, ಒಂದು ಗಳಿಗೆ ನೋಡಿ, “ಇಲ್ಲ ಕಣೋ ಅಣ್ಣಾ, ನಿನಗೇ ಕಾಯ್ತಿದ್ದೆ” ಎನ್ನುತ್ತಿದ್ದರು. ನನ್ನ ಎದೆಯ ಮೇಲಿನ ಭಾರ ಇಳಿದುಹೋಗುತ್ತಿತ್ತು. ಪ್ರತಿ ಬೆಳಿಗ್ಗೆ ತಮ್ಮನೊಂದಿಗೆ ರಾಜಿಯಾಗಿ, ಹಗುರಾಗಿ ಕೆಲಸಕ್ಕೆ ತೊಡಗುತ್ತಿದ್ದೆ. ಆ ದಿನಗಳಲ್ಲಿ ನಾನು ಕಡಿಮೆ ಬೈಯುತ್ತಿದ್ದೆ ಎಂದು ಹಳಬರು ಈಗಲೂ ಹೇಳುತ್ತಾರೆ. ಸಂಜೆಗೆ ಅವನ ಮನೆಗೆ ಹೋಗಬೇಕೆಂಬ ತವಕವೇ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ತಾನೇ ಹೋಗಿ ಬಂದೆನಲ್ಲ!

ಒಂದು ವಿಷಯಕ್ಕೆ ಮಾತ್ರ ನಾನು ಇವರ ಮೇಲೆ ರೇಗಿದೆ. ಒಂದು ದಿನ ನಾನು ದನಿ ಏರಿಸಿದ ಕೂಡಲೇ ಇವರ ಬಲಗಾಲು ನೆಲವನ್ನು ಒತ್ತಿತು. ಕೂತ ಕುರ್ಚಿಯಲ್ಲೇ, ಬ್ರೇಕ್ ಒತ್ತಿದ ಹಾಗೆ. ಮರುದಿನವೂ ಅದೇ.

“ಏನ್ರೀ ಅದು ಕಾಲು? ನನ್ನ ತಮ್ಮನಿಗೆ ಅಂಥ ಚಾಳಿ ಎಲ್ಲಿತ್ತು? ಪಾತ್ರದಲ್ಲಿ ಇಲ್ಲದ್ದನ್ನ ತುರುಕಬೇಡಿ” ಎಂದೆ.

“ಇರಲಿ ಬಿಡಿ ಸಾರ್, ತಾನಾಗೇ ಬಂತು” ಎಂದರು. ಯಾವತ್ತೂ ಎದುರಾಡದ ಮನುಷ್ಯ, ಆ ಕಾಲನ್ನು ಮಾತ್ರ ಬಿಟ್ಟುಕೊಡಲಿಲ್ಲ.

ನನ್ನ ತಮ್ಮ ಹೋದ ಸುದ್ದಿ ಒಂದು ಮಧ್ಯಾಹ್ನ ತಾಲೀಮಿನ ನಡುವೆ ಬಂತು. ಎದೆ ಹಿಡಿದುಕೊಂಡು ಕೂತನಂತೆ, ಅಷ್ಟೇ. ನಾನು ಓಡಿದೆ. ಎಷ್ಟೋ ವರ್ಷ ಸೀಮೆಸುಣ್ಣದಲ್ಲಿ ಬರೆದ ಬಾಗಿಲಿನ ಮುಂದೆ ಕೊನೆಗೂ ಹೋಗಿ ನಿಂತೆ. ತಟ್ಟುವ ಪ್ರಮೇಯವೇ ಬರಲಿಲ್ಲ. ಬಾಗಿಲು ಹಾರುಹೊಡೆದಿತ್ತು, ಒಳಗೆ ಜನವೋ ಜನ.

ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಅವನ ಹೆಂಡತಿ, “ಕೂತ್ಕೊಳ್ಳಿ ಭಾವ” ಎಂದು ಒಂದು ಕುರ್ಚಿ ತೋರಿಸಿದಳು. ಕೂತೆ. ಕಾಲ ಬುಡದಲ್ಲಿ ಒಂದು ಚಾಪೆ. ಬಲಗಾಲು ಬರುವ ಕಡೆ ಅದು ಸವೆದು ತೂತಾಗಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವಳು ಹೇಳಿದಳು: “ಅದು ಅವರದೇ ಕೆಲಸ ಭಾವ. ಕಲಿಯೋರ ಪಕ್ಕ ಕೂತೂ ಕೂತೂ ಅಭ್ಯಾಸ ಆಗ್ಬಿಟ್ಟಿತ್ತು. ಮನೇಲಿ ಯಾರಾದ್ರೂ ಸ್ವಲ್ಪ ಜೋರಾಗಿ ಮಾತಾಡಿದ್ರೆ ಸಾಕು, ಕಾಲು ಕೆಳಗೆ ಹೋಗೋದು. ನಾವೆಲ್ಲ ನಗ್ತಾ ಇದ್ವಿ.”

ನನಗೆ ನಗು ಬರಲಿಲ್ಲ. ನನ್ನ ತಮ್ಮನ ಈ ಅಭ್ಯಾಸ ನನಗೆ ಗೊತ್ತಿಲ್ಲ. ನಾನು ಹೇಳಿಕೊಟ್ಟಿಲ್ಲ. ಹಾಗಾದರೆ ಇವರಿಗೆ ಹೇಗೆ ಗೊತ್ತಾಯಿತು?

ಮರುದಿನ ಕೋಣೆಗೆ ಬಂದವನೇ ಇವರ ತೋಳು ಹಿಡಿದುಕೊಂಡೆ. “ಆ ಕಾಲು ಎಲ್ಲಿ ಕಲಿತ್ರಿ?”

ಇವರು ತಲೆ ತಗ್ಗಿಸಿದರು. “ಕ್ಷಮಿಸಿ ಸಾರ್. ಮನುಷ್ಯನ್ನ ನೋಡದೇ ಪಾತ್ರ ಮಾಡೋದು ಹೇಗೆ? ಅವರ ಹತ್ರ ಡ್ರೈವಿಂಗ್ ಕಲಿಯೋಕೆ ಸೇರ್ಕೊಂಡೆ.”

“ಕಲಿತ್ರಾ?”

“ಎಲ್ಲಿ ಸಾರ್? ರಸ್ತೆ ನೋಡೋ ಬದ್ಲು ಅವರ ಕಾಲು ನೋಡ್ತಾ ಇದ್ದೆ. ಟೆಸ್ಟಲ್ಲಿ ಫೇಲಾದೆ.”

ನಗಿ, ನಗಿ, ಪರವಾಗಿಲ್ಲ. ಅವತ್ತು ನಾನೂ ನಕ್ಕೆ. ನಕ್ಕು, ನಗು ಎಲ್ಲಿಗೋ ಹೋಗಿ, ಆ ಸೀಮೆಸುಣ್ಣದ ಬಾಗಿಲಿನ ಮೇಲೆಯೇ ಕೂತುಬಿಟ್ಟೆ. ಆಮೇಲೆ ಕೇಳಿದೆ, ನನ್ನ ವಿಷಯ ಏನಾದರೂ ಬಂತೇ ಎಂದು.

ಒಂದೇ ಒಂದು ಸಲ ಬಂತಂತೆ. ನೀವೇನು ಕೆಲಸ ಮಾಡುತ್ತೀರಿ ಎಂದು ನನ್ನ ತಮ್ಮ ಕೇಳಿದನಂತೆ. ನಾಟಕ, ಸಿನಿಮಾ ತಾಲೀಮಿನಲ್ಲಿ ಬದಲಿಗೆ ನಿಲ್ಲುತ್ತೇನೆ ಎಂದರಂತೆ ಇವರು. ಅವನು ಒಂದು ಇಡೀ ಬೀದಿ ಮುಗಿಯುವವರೆಗೂ ಬರೀ ಗೇರು, ಕ್ಲಚ್ಚಿನ ಮಾತೇ ಆಡಿದನಂತೆ. ತಿರುವಿನಲ್ಲಿ ಕೇಳಿದನಂತೆ: “ಅಲ್ಲಿ ಗಡಿಯಾರ ನೋಡ್ಕೊಂಡು ಬೈಯೋರು ಒಬ್ರು ಇದಾರಲ್ಲ, ಚೆನ್ನಾಗಿದಾರಾ?”

“ಇದಾರೆ.”

“ಇನ್ನೂ ಬೈತಾರಾ?”

“ದಿನಾ ಬೈತಾರೆ.”

“ಹಾಗಾದ್ರೆ ಚೆನ್ನಾಗೇ ಇದಾರೆ” ಎಂದು ಕನ್ನಡಿಯ ಕಡೆ ತಿರುಗಿದನಂತೆ.

ಅದೇ ಮಾತು! ಯಾವ ಮಾತಿಗೆ ನಾನು ಊಟ ಬಿಟ್ಟು ಎದ್ದೆನೋ ಅದೇ ಮಾತು. ಅದರಲ್ಲಿ ಅಷ್ಟು ಅಕ್ಕರೆ ಇತ್ತು ಎಂದು ನನಗೆ ಯಾಕೆ ಕೇಳಿಸಲಿಲ್ಲ? ಒಂದು ಮಾತನ್ನು ಹತ್ತು ಬಗೆಯಲ್ಲಿ ಹೇಳಿಸುವುದೇ ಕಸುಬಾದವನಿಗೆ ಯಾಕೆ ಕೇಳಿಸಲಿಲ್ಲ?

“ಇದನ್ನ ನನಗ್ಯಾಕೆ ಆಗ್ಲೇ ಹೇಳಲಿಲ್ಲ?” ಎಂದು ಕೂಗಿದೆ.

“ಹೇಳಿದ್ರೆ ನನ್ನ ಜೊತೆಗೂ ಮಾತು ಬಿಡ್ತಿದ್ರಿ ಸಾರ್. ಅದಕ್ಕೇ ದಿನಾ ಹೋಗಿ, ಹೋಗಿ ಅಂತಿದ್ದೆ” ಎಂದರು. ಹೌದು, ಅನ್ನುತ್ತಿದ್ದರು.

ಆಮೇಲೆ ನಾವು ಆ ದೃಶ್ಯ ಆಡಲಿಲ್ಲ. ಆದರೆ ಆ ಕಾಲು ಇವರಿಗೆ ಅಂಟಿಕೊಂಡುಬಿಟ್ಟಿತು. ನೀವು ಯಾರೂ ಗಮನಿಸಿರಲಾರಿರಿ. ನಾನು ಮಾತು ಶುರುಮಾಡಿದಾಗಿನಿಂದ ನೋಡುತ್ತಿದ್ದೇನೆ. ನನ್ನ ದನಿ ಏರಿದಾಗಲೆಲ್ಲ ಅಲ್ಲಿ, ಆ ಮೂರನೆಯ ಕುರ್ಚಿಯ ಕೆಳಗೆ, ಒಂದು ಬಲಗಾಲು ಬ್ರೇಕ್ ಒತ್ತುತ್ತಿದೆ. ಬೇಡ ಬದಲಿಯವರೇ, ಕಾಲು ಹಿಂದೆ ಎಳೆದುಕೊಳ್ಳಬೇಡಿ. ಅಲ್ಲೇ ಇರಲಿ.

ನಾಳೆ ನೀವು ಮಗಳ ಊರಿಗೆ ಹೊರಡುತ್ತೀರಿ. ಮಂಡಿನೋವಿನವರನ್ನು ಇನ್ನೂ ಇಲ್ಲಿ ನಿಲ್ಲಿಸಿಕೊಳ್ಳುವುದು ನ್ಯಾಯವಲ್ಲ, ಹೋಗಿ ಬನ್ನಿ. ನಾಯಕರ ಜಾಗಕ್ಕೆ ನಾನು ಯಾರನ್ನಾದರೂ ಹುಡುಕಿಕೊಂಡೇನು. ನನ್ನ ತಮ್ಮನ ಜಾಗಕ್ಕೆ ಯಾರನ್ನು ನಿಲ್ಲಿಸಲಿ? ಅವನು ಕೂರುತ್ತಿದ್ದ ಬಗೆ ಈ ಊರಿನಲ್ಲಿ ಉಳಿದಿರುವುದು ನಿಮ್ಮ ಆ ಒಂದು ಕಾಲಿನಲ್ಲಿ. ಅದೂ ನಾಳೆ ಬಸ್ಸು ಹತ್ತುತ್ತದೆ.

ಅದಕ್ಕೇ ಆ ಮಾತನ್ನು ಇಷ್ಟು ಜನರ ಮುಂದೆ ಒಂದು ಸಲ ಹೇಳಿಬಿಡುತ್ತೇನೆ. ನೀವು ಉತ್ತರ ಕೊಡುವುದು ಬೇಡ, ಸುಮ್ಮನೆ ಅಲ್ಲಿ ಕೂತಿರಿ.

ಊಟ ಆಯ್ತೇನೋ?

ದನಿ ಒಡೆಯಿತು. ‘ಊಟ’ ಎನ್ನುವುದು ಸರಿಯಾಗಿ ಬರಲಿಲ್ಲ. ಇರಲಿ, ಇನ್ನೊಂದು ಸಲ ಬೇಡ.

ಐದು ನಿಮಿಷ ಯಾವಾಗಲೋ ಮುಗಿದಿದೆ. ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ಕೊನೆಗೂ ಮುಂದೆ ಬಂದು ಕುಳಿತ ಹಿಂದಿನ ಸಾಲಿನವರಿಗೆ ನಾನು ಋಣಿ. ಬದಲಿಯವರ ಬಗ್ಗೆ ಇನ್ನೂ ಹೇಳಬೇಕಾದದ್ದು ಬಹಳ ಇದೆ, ಮುಖ್ಯವಾಗಿ ಅವರು ರಾಜನ ಪಾತ್ರಕ್ಕೆ ನಿಂತ ದಿನ ಸಿಂಹಾಸನದ ಕುರ್ಚಿಯ ಕಾಲು ಮುರಿದು...

ಅಗೋ, ಕಾಲು ಕೆಳಗೆ ಹೋಯಿತು.

ನಿಲ್ಲಿಸಿದೆ ಕಣಪ್ಪಾ, ನಿಲ್ಲಿಸಿದೆ. ನಮಸ್ಕಾರ.