ದೃಷ್ಟಿ ಬೊಟ್ಟಿನ ಕಾರ್ಡು

ನರಗುಂದದ ನಿಲ್ದಾಣದಲ್ಲಿ ಕೊಣ್ಣೂರು ಬಸ್ಸಿಗೆ ಕಾದಿದ್ದ ಮೈಮುನಬಿಗೆ, ಪಕ್ಕದಲ್ಲಿ ಕುಳಿತ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹುಡುಗಿಯ ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪಿನ ಚೀಲವಿತ್ತು. ಹುಡುಗ ಅವಳ ಚಿಕ್ಕಪ್ಪನ ಮಗ, ಕಂಪ್ಯೂಟರ್ ರಿಪೇರಿಯವನು.

“ಬಸ್ಯಾ, ಇದಕ್ಕ ಹೊಸಾ ವೈರ್‌ಲೆಸ್ ಕಾರ್ಡ್ ಹಾಕೇನಿ ಅಂದಿದ್ದಿ.”

“ಹಾಕೇನಲ್ಲ, ಶ್ವೇತಕ್ಕ.”

“ಹಂಗಾರ ಕಾಲೇಜಿನ ನೆಟ್ ಯಾಕ ಸಿಗವಲ್ದು?”

“ಹಳೇ ಮಷೀನು. ಹಂಗ ಮಾಡ್ತಾವ.”

“ನಿನ್ನಿ ಅಂಗಡಿಗೆ ಬಂದಿದ್ದೆ. ಶಿರೋಳ ಮಾಸ್ತರ ಲ್ಯಾಪ್‌ಟಾಪ್ ಬಿಚ್ಚಿ ಇಟ್ಟಿದ್ದಿ. ಅದರಾಗಿನ ಕಾರ್ಡಿಗೆ ಉಗುರಬಣ್ಣದ ಬೊಟ್ಟಿತ್ತು.”

ಬಸ್ಯಾ ಬಸ್ಸು ಬರುವ ದಾರಿಯತ್ತ ತಿರುಗಿ ನೋಡಿದ.

“ಹೊಸಾದಕ್ಕ ದೃಷ್ಟಿ ಆಗಬಾರದಂತ ನಿನ್ನ ಮುಂದನ ನಾ ಹಚ್ಚಿದ ಬೊಟ್ಟು ಅದು.”

“ಮಾಸ್ತರು ಗಿರಾಕಿ ಅಕ್ಕಾ, ದಿನಾ ಬಂದು ಜಗಳಾ ತಗೀತಿದ್ರು. ಅವರ ಕೆಟ್ಟ ಕಾರ್ಡ್ ನಿನಗ ಹಾಕಿದೆ. ನೀ ಮನಿಯಾಕಿ, ಸುಧಾರಿಸಿಕೋತಿ ಅಂದ್ಕೊಂಡೆ.”

“ನೀ ಮನಿಯಾಂವ ಅಂತನ ನಿನ್ನ ಕೈಯಾಗ ಕೊಟ್ಟಿದ್ದೆ.”

ಬಸ್ಸು ಬಂತು. ಬಸ್ಯಾ ಚೀಲಕ್ಕೆ ಕೈ ಚಾಚಿದ.

“ತಾ ಅಕ್ಕಾ, ನಾ ಹಿಡೀತೀನಿ.”

“ಬ್ಯಾಡ ಬಿಡ್ರಿ, ಬಸವರಾಜ ಅವರ.”

ಕಾರ್ಡೆಂದರೇನೋ ತಿಳಿಯದ ಮೈಮುನಬಿಗೆ ಆ ‘ರಿ’ ತಿಳಿಯಿತು. ಮೈಮುನಬಿ ಬಸ್ಯಾನ ಮುಖ ನೋಡದೆ ಬಸ್ಸು ಹತ್ತಿದಳು.